ಮನೆಗೂ ಹುಳುಮನೆಗೂ ಸೇರಿ ಜನರೇಟರ್: 2 ಕೆವಿಎ ಸಾಕಾ, 7.5 ಬೇಕಾ?

ಹುಳುಮನೆ, ಮೇಲೂರು ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಮೇಲೂರಿನಿಂದ ಸ್ವಲ್ಪ ಒಳಗೆ. ಮನೆಗೆ ಅಂಟಿಕೊಂಡೇ ರೇಷ್ಮೆ ಹುಳು ಸಾಕುವ ಹುಳುಮನೆ. ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಕಳಚಿದ, ಚಾಕಿ ಹುಳು (ಮರಿಹುಳು) ತಂದು, ಸಲಕ್ಕೆ 150 ಮೊಟ್ಟೆ (ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಮೊಟ್ಟೆ ಲೆಕ್ಕ) ಬೆಳೆಸುತ್ತೇವೆ. ಜನರೇಟರ್ ತಗೊಳ್ಳೋಣ ಅಂತ ಹೊರಟು ತಲೆ ಕೆಟ್ಟು ಕೂತಿದ್ದೇನೆ. ಗೊತ್ತಿರುವವರು ಬಿಡಿಸಿ ಹೇಳಿ.

ಹೋದ ಮೇ ತಿಂಗಳ ಕಥೆ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಟ್ಟ ಮಾರನೇ ದಿನ ಸಂಜೆ ಗಾಳಿ ಮಳೆ ಬಂತು. ಎಲ್ಲೋ ಹುಣಸೆ ಮರ ತಂತಿ ಮೇಲೆ ಬಿತ್ತಂತೆ. ಎಂಟು ಗಂಟೆಗೆ ಹೋದ ಕರೆಂಟ್ ಬಂದದ್ದು ಮರುದಿನ ಮಧ್ಯಾಹ್ನ. ಗೂಡು ಕಟ್ಟುವ ಹೊತ್ತಲ್ಲಿ ಒಳಗೆ ಗಾಳಿ ಆಡಬೇಕು, ತೇವ ನಿಲ್ಲಬಾರದು. ಎಕ್ಸಾಸ್ಟ್ ಫ್ಯಾನ್ ಎರಡೂ ನಿಂತವು. ಕಿಟಕಿ ತೆಗೆದರೆ ಎರಚಲು ಒಳಗೆ. ಮನೆಯ ಯುಪಿಎಸ್‌ನಿಂದ ವೈರ್ ಎಳೆದು ಒಂದು ಫ್ಯಾನ್ ಓಡಿಸಿದೆವು, ಹನ್ನೊಂದೂವರೆಗೆ ಅದೂ ಕೀಂ ಅಂತ ಕೂಗಿ ಮಲಗಿತು. ಅತ್ತೆ ರಟ್ಟು ಹಿಡಿದು ಬೀಸುತ್ತಾ ಕೂತಿದ್ದರು, ಸುಳ್ಳಲ್ಲ. ಗೂಡು ಕಣ್ಣಿಗೆ ಚೆನ್ನಾಗೇ ಕಂಡಿತು. ಮಾರ್ಕೆಟ್‌ನಲ್ಲಿ ನೂಲು ತೆಗೆಯುವ ರೀಲರ್ ಕೈಗೆತ್ತಿಕೊಂಡು ಅಲ್ಲಾಡಿಸಿ, ತೇವ ಕುಡಿದಿದೆ, ಎಳೆ ಕಿತ್ತು ಕಿತ್ತು ಬರುತ್ತದೆ ಅಂದರು. ಆ ಸಲದ ರೇಟು ಬರೆಯಲು ಕೈ ಬರುವುದಿಲ್ಲ.

ನಮ್ಮ ಯಜಮಾನರು ಮಗಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ್ದಾರೆ. ಮನೆ, ಹುಳುಮನೆ ಎರಡರ ಬಲ್ಬು ಟ್ಯೂಬ್‌ಲೈಟ್ ಸೇರಿ 200 ವ್ಯಾಟ್. ಸೀಲಿಂಗ್ ಫ್ಯಾನ್ ಐದು, 375. ಫ್ರಿಜ್ 150, ಟಿವಿ 100, ಮಿಕ್ಸಿ 750, ಗ್ರೈಂಡರ್ 150. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತುವ 1 ಎಚ್‌ಪಿ ಮೋಟರ್ 750. ಎಕ್ಸಾಸ್ಟ್ ಎರಡು, 200. ಬೇಸಿಗೆಗೆ ಹುಳುಮನೆಯ ಕೂಲರ್ 200. ಚಳಿಗಾಲಕ್ಕೆ ಹೀಟರ್ 2,000. ಇಸ್ತ್ರಿ ಪೆಟ್ಟಿಗೆ 1,000. ಒಟ್ಟು 5,875 ವ್ಯಾಟ್.

ಚಿಕ್ಕಬಳ್ಳಾಪುರದ ಒಂದು ಅಂಗಡಿಯವರು ಆ ಚೀಟಿ ನೋಡಿ, ವ್ಯಾಟನ್ನು ಜನರೇಟರ್ ಅಳೆಯುವ ಕೆವಿಎಗೆ ತರಲು 0.8ರಿಂದ ಭಾಗಿಸಿ, "7.5 ಕೆವಿಎ ಬೇಕು ಮೇಡಂ, ತ್ರೀ ಫೇಸ್ ಡೀಸೆಲ್ ಹಾಕಿಸಿ, ಮುಂದಕ್ಕೂ ಆಗುತ್ತದೆ" ಅಂದರು. ಬೆಂಗಳೂರಿನಲ್ಲಿರುವ ಮೈದುನ, "ಅಷ್ಟೆಲ್ಲ ಯಾಕೆ ಅತ್ತಿಗೆ, 2 ಕೆವಿಎ ಪೆಟ್ರೋಲ್ ಸಾಕು, ಸೂಟ್‌ಕೇಸ್ ಥರ ಇರುತ್ತೆ, ಸದ್ದೂ ಇಲ್ಲ" ಅನ್ನುತ್ತಾನೆ. ಇಬ್ಬರ ಮಾತಿಗೂ ನಡುವೆ ಒಂದು ಬೆಳೆಯ ದುಡ್ಡಿನ ಅಂತರ ಇದೆ. ತೋಟದ 5 ಎಚ್‌ಪಿ ಬೋರ್‌ವೆಲ್ ಬೇರೆ ಕನೆಕ್ಷನ್. ಅದನ್ನೂ ಇದರಲ್ಲೇ ಓಡಿಸಬಹುದಾ ಅಂತ ಮಾವನವರ ಆಸೆ.

---

ಹಸುಮನೆ, ಮುಳಬಾಗಿಲು

ಅಕ್ಕ, ನಿಮ್ಮ ಮೈದುನ ಹೇಳಿದ್ದನ್ನು ನಾನು ಮಾಡಿ ನೋಡಿ ಆಗಿದೆ. ನಮ್ಮದು ಒಂಬತ್ತು ಹಸು. ಹಾಲು ಕರೆಯುವ ಮೆಷಿನ್‌ಗೆ 1 ಎಚ್‌ಪಿ ಮೋಟರ್. 746 ವ್ಯಾಟ್ ತಾನೇ, 2 ಕೆವಿಎ ಧಾರಾಳ ಅಂದುಕೊಂಡು ತಂದೆ. ಮೊದಲ ದಿನ ಬೆಳಗ್ಗೆ ಐದಕ್ಕೆ ಸ್ವಿಚ್ ಹಾಕಿದರೆ ಜನರೇಟರ್ ಗುಂ ಅಂತ ಉಸಿರು ಕಟ್ಟಿತು, ಕೊಟ್ಟಿಗೆಯ ಬಲ್ಬ್ ಕೆಂಪಾಯಿತು, ಎಲ್ಲ ಬಂದ್. ಮೂರು ಸಲ ಹೀಗೇ. ಒಂಬತ್ತು ಹಸು ನನ್ನನ್ನೇ ನೋಡುತ್ತಿದ್ದವು. ಕೊನೆಗೆ ಕೈಯಲ್ಲೇ ಕರೆದೆವು.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಮ್ಯಾಕ್ಸಿಮಮ್. ಬಿಡದೆ ಓಡಿಸಬಹುದಾದ ರೇಟೆಡ್ ನಂಬರ್ ಚಿಕ್ಕ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದಿ. ಈಗ 3 ಕೆವಿಎ ಇದೆ, ಗಂಟೆಗೆ ಒಂದು ಲೀಟರ್ ಮೇಲೇ ಪೆಟ್ರೋಲ್ ಕುಡಿಯುತ್ತದೆ. ಇನ್ನೊಂದು ಮಾತು. ಪೆಟ್ರೋಲ್ ತುಂಬಿಸಿ ಮೂರು ನಾಲ್ಕು ತಿಂಗಳು ಸುಮ್ನೆ ಇಟ್ಟರೆ ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟುತ್ತದೆ. ಬೇಕಾದ ದಿನ ಹಗ್ಗ ಎಳೆದು ಎಳೆದು ಭುಜ ಹೋಗುತ್ತದೆ. ತಿಂಗಳಿಗೊಮ್ಮೆ ಕಾಲು ಗಂಟೆ, ಲೋಡ್ ಹಾಕಿಯೇ ಓಡಿಸಿ.

---

ಮೇಷ್ಟ್ರು, ತುಮಕೂರು

ಜನರೇಟರ್ ಯಾಕಮ್ಮ ಈ ಕಾಲದಲ್ಲಿ? ಸೋಲಾರ್ ಹಾಕಿಸಿಬಿಡಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಬರುತ್ತದೆ. ಹೊಗೆ ಇಲ್ಲ, ಸದ್ದಿಲ್ಲ.

---

ಹಳೇ ವೈರ್‌ಮನ್, ಕೋಲಾರ

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಸಬ್ಸಿಡಿಗೆ ಹಾಕುವ, ಕಂಬದ ಲೈನ್‌ಗೆ ಸೇರಿಸಿದ ಆನ್‌ಗ್ರಿಡ್ ಸೋಲಾರ್ ಬಿಲ್ ಉಳಿಸಲು ಒಳ್ಳೆಯದು. ಆದರೆ ಲೈನ್‌ನಲ್ಲಿ ಕರೆಂಟ್ ಹೋದ ಕ್ಷಣ ಅದೂ ತಾನಾಗಿ ನಿಲ್ಲುತ್ತದೆ, ಕಂಬದ ಮೇಲಿರುವವನ ಜೀವ ಉಳಿಯಲಿ ಅಂತಲೇ ಹಾಗೆ ಮಾಡಿರುವುದು. ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಿದರೆ ಬೇರೆ ಮಾತು, ಖರ್ಚೂ ಬೇರೆ. ಅಲ್ಲದೆ ಈ ತಾಯಿಗೆ ಕರೆಂಟ್ ಹೋದದ್ದು ಮೋಡ ಮುಸುಕಿದ ಮಳೆಯ ರಾತ್ರಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನಮ್ಮ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಯಜಮಾನರ ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಕೂಲರ್ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಕೂಡಿಸಿದ್ದಾರೆ! ಒಂದೇ ರಾತ್ರಿ ಎರಡನ್ನೂ ಹಾಕುವ ಹುಳುಮನೆ ಎಲ್ಲಿದೆ? ಹುಣಸೆ ಮರ ಬಿದ್ದ ರಾತ್ರಿ ಕೂತು ಇಸ್ತ್ರಿ ಮಾಡುತ್ತೀರಾ? ಅಂಗಡಿಯವರು ಇದನ್ನು ಕೇಳಬೇಕಿತ್ತು. ಕೇಳದೆ ಭಾಗಾಕಾರ ಮಾಡಿದರು. ಆ ಮೇ ತಿಂಗಳ ರಾತ್ರಿ ಮತ್ತೆ ಬಂದರೆ ಏನೇನು ಓಡಬೇಕು ಅಂತ ಯೋಚಿಸಿ. ಲೈಟು, ಫ್ಯಾನು, ಫ್ರಿಜ್ಜು, ಎಕ್ಸಾಸ್ಟು, ಬೇಕಾದರೆ ಟಿವಿ. ನಿಮ್ಮ ಅಂಕಿಗಳಲ್ಲೇ ಕೂಡಿದರೆ 1,025 ವ್ಯಾಟ್. ಅಷ್ಟೇ ನಿಮ್ಮ ಮನೆ.

ಹಾಗಾದರೆ ಮೈದುನ ಸರಿಯಾ? ಅವನೂ ಅರ್ಧ ತಪ್ಪು. ತಕರಾರು ಇರುವುದು ಆ ಸಂಪಿನ ಮೋಟರ್‌ನಲ್ಲಿ. 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಶಾಫ್ಟ್‌ನಲ್ಲಿ ಹೊರಗೆ ಬರುವ ಶಕ್ತಿ. ಅಷ್ಟು ಕೊಡಲು ಅದು ಲೈನ್‌ನಿಂದ 1,100 ವ್ಯಾಟ್ ಹತ್ತಿರ ಎಳೆಯುತ್ತದೆ. ಅದು ಓಡುವಾಗಿನ ಮಾತು. ನಿಂತ ಮೋಟರ್ ಎದ್ದೇಳುವ ಆ ಒಂದು ಗಳಿಗೆ, ಓಡುವ ಕರೆಂಟಿನ ಐದಾರು ಪಟ್ಟು ಕೇಳುತ್ತದೆ. ತುಂಬಿದ ಎತ್ತಿನ ಗಾಡಿ ಹಳ್ಳದಿಂದ ಮೇಲೆ ಹತ್ತುವಾಗ ಹೆಗಲು ಕೊಡಬೇಕು, ಸಮ ನೆಲಕ್ಕೆ ಬಂದ ಮೇಲೆ ಎತ್ತು ತಾನಾಗಿ ನಡೆಯುತ್ತದೆ, ಅಲ್ವಾ? ಮುಳಬಾಗಿಲಿನವರ ಜನರೇಟರ್ ಸತ್ತದ್ದು ಆ ಹಳ್ಳದಲ್ಲಿ. ಫ್ರಿಜ್‌ನ ಕಂಪ್ರೆಸರ್ ಕೂಡ ಹೀಗೇ, ಆದರೆ ಅದು ಸಣ್ಣ ಗಾಡಿ. ಹೀಟರ್, ಇಸ್ತ್ರಿಗೆ ಈ ರೋಗ ಇಲ್ಲ. ಬರೆದಷ್ಟೇ ತಿನ್ನುತ್ತವೆ, ಆದರೆ ಬರೆದಿರುವುದೇ ದಂಡಿಯಾಗಿರುತ್ತದೆ.

ನೇರ ಸ್ಟಾರ್ಟ್ ಆಗುವ 1 ಎಚ್‌ಪಿ ಮೋಟರ್ ಇದ್ದರೆ 3 ಕೆವಿಎ ಕೆಳಗೆ ಇಳಿಯಬಾರದು ಅನ್ನುವುದು ನನ್ನ ಲೆಕ್ಕ. ಅದರ ಮೇಲೆ ಇನ್ನೊಂದಿದೆ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿ ತೆಳು, ಇಂಜಿನ್‌ಗೆ ಉಸಿರು ಕಡಿಮೆ. ಸಣ್ಣ ಪೆಟ್ರೋಲ್ ಇಂಜಿನ್ 300 ಮೀಟರ್‌ಗೆ ಶೇಕಡಾ ಮೂರು ಮೂರೂವರೆ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಕಡೆ ಹತ್ತಿರ ಹತ್ತಿರ ಶೇಕಡಾ 10 ಹೋಯಿತು ಅಂದುಕೊಳ್ಳಿ. ಅದಕ್ಕೆ 3.5 ಕೆವಿಎ, ಸಿಂಗಲ್ ಫೇಸ್. ಮೋಟರ್ ಓಡುವ ಹತ್ತು ನಿಮಿಷ ಮಿಕ್ಸಿ, ಹೀಟರ್ ಮುಟ್ಟಬಾರದು. ಚಳಿಗಾಲದಲ್ಲಿ ಹೀಟರ್ 1,000 ವ್ಯಾಟ್‌ನ ಒಂದೇ ಕಡ್ಡಿಯಲ್ಲಿ ಓಡಲಿ, ಆಗ ಫ್ಯಾನ್ ಹೇಗೂ ಬೇಡವಲ್ಲ.

ಇಲ್ಲದಿದ್ದರೆ ಇನ್ನೊಂದು ದಾರಿ. ಮಳೆಗಾಲದಲ್ಲಿ ಸಂಜೆ ಟ್ಯಾಂಕ್ ತುಂಬಿಸಿಡುವ ಅಭ್ಯಾಸ ಮಾಡಿಕೊಂಡರೆ ಮೋಟರನ್ನು ಜನರೇಟರ್‌ಗೆ ಕೊಡುವುದೇ ಬೇಡ. ಆಗ ಮೈದುನನ 2 ಕೆವಿಎ ಸಾಕು. ಮೇಲಿರುವ ಸಾವಿರ ಲೀಟರ್ ನೀರೇ ನಿಮ್ಮ ಒಂದೂವರೆ ಕೆವಿಎ ಉಳಿಸುತ್ತದೆ. ಯಾವುದು ಬೇಕು ಅಂತ ಮನೆಯವರೆಲ್ಲ ಕೂತು ಮಾತಾಡಿ, ಯಾಕೆಂದರೆ ಟ್ಯಾಂಕ್ ತುಂಬಿಸುವುದನ್ನು ಮರೆಯುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ನಮ್ಮ ಮನೆಯಲ್ಲಿ ಅದು ನಾನೇ.

7.5 ತ್ರೀ ಫೇಸ್ ಯಾಕೆ ಬೇಡ? ನಿಮ್ಮ ಮನೆಯ ಮೀಟರ್ ಸಿಂಗಲ್ ಫೇಸ್ ಅಂತ ಕಾಣುತ್ತದೆ. ತ್ರೀ ಫೇಸ್ ಸೆಟ್‌ನಲ್ಲಿ ಒಂದು ಫೇಸ್‌ಗೆ ಸಿಗುವುದು ಮೂರನೇ ಒಂದು ಪಾಲು. ಮನೆಯನ್ನೆಲ್ಲ ಒಂದೇ ಫೇಸ್‌ಗೆ ಕಟ್ಟಿದರೆ 7.5ಕ್ಕೆ ದುಡ್ಡು ಕೊಟ್ಟು 2.5 ಬಳಸಿದ ಹಾಗೆ. ಜೊತೆಗೆ ದೊಡ್ಡ ಡೀಸೆಲ್ ಇಂಜಿನ್ ಮೇಲೆ ಒಂದು ಕಿಲೋವ್ಯಾಟ್ ಹೊರೆ ಇಟ್ಟು ರಾತ್ರಿಯಿಡೀ ಓಡಿಸಿದರೆ ಅದು ಬಿಸಿಯೇ ಏರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ಡೀಸೆಲ್ ಸೆಟ್‌ಗೆ ಅದರ ತಾಕತ್ತಿನ ಶೇಕಡಾ 30ಕ್ಕಿಂತ ಕಡಿಮೆ ಹೊರೆ ಒಳ್ಳೆಯದಲ್ಲ. ದಿನಾ ಮೂರು ನಾಲ್ಕು ಗಂಟೆ ಓಡಿಸುವವರಿಗೆ ಡೀಸೆಲ್ ಸರಿ, ಲೀಟರ್‌ಗೆ ಮೂರು ಯೂನಿಟ್‌ವರೆಗೂ ಕೊಡುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ರಾತ್ರಿಗೆ ಪೆಟ್ರೋಲ್ ಸಾಕು.

ಮಾವನವರಿಗೆ ನನ್ನ ನಮಸ್ಕಾರ ಹೇಳಿ. 5 ಎಚ್‌ಪಿ ಬೋರ್ ಎತ್ತಲು 10ರಿಂದ 15 ಕೆವಿಎ ಬೇಕು, ಸ್ಟಾರ್ಟರ್ ಯಾವುದು ಅನ್ನುವುದರ ಮೇಲೆ. ಅದನ್ನು ತ್ರೀ ಫೇಸ್ ಕೊಡುವ ಹೊತ್ತಿಗೇ ಬಿಡಿ.

ಈಗ ಸೈಜ್‌ಗಿಂತ ಮುಖ್ಯವಾದದ್ದು. ಜನರೇಟರ್ ವೈರನ್ನು ಗೋಡೆಯ ಪ್ಲಗ್‌ಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವ ಪುಣ್ಯಾತ್ಮರು ಇದ್ದಾರೆ. ಮೇನ್ ಆಫ್ ಮಾಡಿದ್ದೇವಲ್ಲ ಅನ್ನುತ್ತಾರೆ. ಒಂದು ದಿನ ಮರೆತರೆ? ನಿಮ್ಮ 230 ವೋಲ್ಟ್ ಹಿಂದಕ್ಕೆ ಹೋಗಿ, ಊರಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ಉಲ್ಟಾ ಹತ್ತಿ, ಆಚೆ ಕಡೆ 11,000 ವೋಲ್ಟ್ ಆಗಿ ನಿಲ್ಲುತ್ತದೆ. ಒಮ್ಮೆ ಲೈನ್ ಆಫ್ ಮಾಡಿಸಿಕೊಂಡು, ಕಂಬ ಹತ್ತುವ ಮುಂಚೆ, ಲೈನನ್ನು ನೆಲಕ್ಕೆ ಸೇರಿಸುವ ಅರ್ತ್ ರಾಡ್ ತಾಗಿಸಿದೆ. ಚಟ್ ಅಂತ ಕಿಡಿ ಹಾರಿತು. ಯಾರದೋ ಮನೆಯ ಗೃಹಪ್ರವೇಶ, ಜನರೇಟರ್ ಓಡುತ್ತಿತ್ತು. ಆವತ್ತು ರಾಡ್ ಜೀಪಿನಲ್ಲೇ ಬಿಟ್ಟಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಮೀಟರ್ ಪಕ್ಕ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಫೇಸ್, ನ್ಯೂಟ್ರಲ್ ಎರಡನ್ನೂ ತಪ್ಪಿಸುವ 32 ಆಂಪ್ಸ್‌ನದು. ಹಿಡಿ ಮೇಲಿದ್ದರೆ ಕಂಬದ ಕರೆಂಟ್, ಕೆಳಗಿದ್ದರೆ ಜನರೇಟರ್, ಎರಡೂ ಸೇರುವುದು ಸಾಧ್ಯವೇ ಇಲ್ಲ. ಇದನ್ನು ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿ. ಜನರೇಟರ್ ಮೈಗೆ ಅರ್ತಿಂಗ್ ಕೂಡ.

ಹೊಗೆ. ಇದನ್ನು ನಿಮಗೆ ಹೇಳಬೇಕಾಗಿಲ್ಲ, ಬೀಡಿ ಸೇದಿ ಹುಳುಮನೆಗೆ ಬಂದವರನ್ನೇ ಬೈಯುವವರು ನೀವು. ಹುಳುಮನೆ, ಸೊಪ್ಪಿನ ಕೋಣೆ, ಮಲಗುವ ಕೋಣೆ ಮೂರರಿಂದಲೂ ಇಪ್ಪತ್ತು ಅಡಿಯಾದರೂ ದೂರ ಇರಲಿ, ಗಾಳಿ ಬೀಸುವ ದಿಕ್ಕು ನೋಡಿ. ಮಳೆ ಅಂತ ಜಗಲಿಗೋ ಶೆಡ್ಡಿನ ಒಳಗೋ ತಂದು ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ನಾಲ್ಕು ಕಂಬ ನೆಟ್ಟು ಮೇಲೆ ಶೀಟ್ ಹಾಕಿ, ಸುತ್ತ ತೆರೆದಿರಲಿ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ವೈರ್ ಸುತ್ತ ಹಿಡಿದು ಆಂಪ್ಸ್ ಅಳೆಯುವ ಕ್ಲಾಂಪ್ ಮೀಟರ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಮೋಟರ್ ಓಡುವಾಗ ಎಷ್ಟು, ಎದ್ದೇಳುವಾಗ ಎಷ್ಟು ಆಂಪ್ಸ್ ನೋಡಿ. ಆಮೇಲೆ ಶಾಮಿಯಾನದವರ ಹತ್ತಿರ ಒಂದು 3 ಕೆವಿಎ ಸೆಟ್ ಒಂದು ದಿನ ಬಾಡಿಗೆಗೆ ತಂದು ಓಡಿಸಿ.

---

ಹುಳುಮನೆ, ಮೇಲೂರು ಕಡೆ

ಅಣ್ಣ, ಕೂಲರ್ ಹೀಟರ್ ವಿಷಯ ಓದಿ ಮನೆಯಲ್ಲೆಲ್ಲ ನಗು. ಯಜಮಾನರು ಎರಡು ದಿನ ಆ ನೋಟ್‌ಬುಕ್ ಮುಟ್ಟಲಿಲ್ಲ.

ನೀವು ಹೇಳಿದಂತೆ ಮಾಡಿದೆವು. ಮೀಟರ್ ಸಿಂಗಲ್ ಫೇಸೇ. ಮೋಟರ್ ಓಡುವಾಗ 7.4 ಆಂಪ್ಸ್, ಎದ್ದೇಳುವಾಗ 36 ತೋರಿಸಿತು. ಎದ್ದೇಳುವುದಕ್ಕೂ ತುಂಬ ಹೊತ್ತು ಎಳೆದಾಡುತ್ತಿತ್ತು. ಫ್ರಿಜ್ ಬರೀ 0.8. ಶಾಮಿಯಾನದವರ 3 ಕೆವಿಎ ಪೆಟ್ರೋಲ್ ಸೆಟ್ ತಂದೆವು. ಲೈಟು, ಫ್ಯಾನು, ಫ್ರಿಜ್ಜು, ಎಕ್ಸಾಸ್ಟು ಎಲ್ಲ ಹಾಕಿದಾಗ ಅದಕ್ಕೆ ಲೆಕ್ಕವೇ ಇರಲಿಲ್ಲ. ಆಮೇಲೆ ಮೋಟರ್ ಹಾಕಿದೆವು. ಟ್ರಿಪ್ ಆಯಿತು. ಬರೀ ಮೋಟರ್ ಒಂದನ್ನೇ ಹಾಕಿದರೆ ಗೊಣಗುತ್ತಾ ಎತ್ತಿತು. ಇನ್ನೊಂದು ವಿಚಿತ್ರ. ಜನರೇಟರ್ ಓಡುತ್ತಿದ್ದರೂ ನಮ್ಮ ಯುಪಿಎಸ್ ಚಾರ್ಜ್ ತಗೊಳ್ಳಲೇ ಇಲ್ಲ, ಬ್ಯಾಟರಿಯಲ್ಲೇ ಇದ್ದೇನೆ ಅಂತ ಲೈಟ್ ತೋರಿಸುತ್ತಿತ್ತು. ಕೆಟ್ಟಿದೆಯಾ?

---

ಹಳೇ ವೈರ್‌ಮನ್, ಕೋಲಾರ

ಯುಪಿಎಸ್ ಕೆಟ್ಟಿಲ್ಲ. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇನ್ವರ್ಟರ್ ಅಂತ. ಯುಪಿಎಸ್ ಕಡೆ ಇದ್ದರೆ ಅದಕ್ಕೆ ಮಡಿ ಜಾಸ್ತಿ, 180 ವೋಲ್ಟ್‌ನಿಂದ 260ರ ಒಳಗೆ ನೆಟ್ಟಗೆ ಬಂದರೆ ಮಾತ್ರ ಮುಟ್ಟುತ್ತದೆ. ನಾರ್ಮಲ್‌ಗೆ ಹಾಕಿ, ಅಲುಗಾಡುವ ಕರೆಂಟನ್ನೂ ತಗೊಳ್ಳುತ್ತದೆ. ಆದರೆ ಖಾಲಿ ಬ್ಯಾಟರಿ ತುಂಬಿಸಲು ಇನ್ನೂರೈವತ್ತು ವ್ಯಾಟ್ ಅದೇ ತಿನ್ನುತ್ತದೆ, ನೆನಪಿರಲಿ.

7.4 ಜಾಸ್ತಿಯಾಯಿತು. ಎಳೆದಾಡಿಕೊಂಡು ಏಳುತ್ತದೆ ಅಂದಿರಲ್ಲ, ಮೋಟರ್ ಎದ್ದೇಳಲು ನೆರವಾಗುವ ಕೆಪಾಸಿಟರ್ ಸೊರಗಿದೆ ಅನಿಸುತ್ತದೆ. ಅದೇ ನಂಬರಿನ ಹೊಸದು ಹಾಕಿಸಿ, ನೂರಿನ್ನೂರು ರೂಪಾಯಿಯ ಮಾತು. ಹಾಕಿಸಿ ಮತ್ತೆ ಅಳೆದು ಹೇಳಿ. ಅದು ಗೊತ್ತಾಗುವ ತನಕ ಯಾವ ಅಂಗಡಿಗೂ ಹೋಗಬೇಡಿ.

---

ಹಸುಮನೆ, ಮುಳಬಾಗಿಲು

ಅಯ್ಯೋ, ಈ ಕೆಪಾಸಿಟರ್ ವಿಷಯ ನನಗೆ ಆಗಲೇ ಯಾರಾದರೂ ಹೇಳಿದ್ದರೆ ಆ 2 ಕೆವಿಎಯನ್ನು ಅರ್ಧ ಬೆಲೆಗೆ ಮಾರುತ್ತಿರಲಿಲ್ಲವೇನೋ.

---

ಹಳೇ ವೈರ್‌ಮನ್, ಕೋಲಾರ

ಇಲ್ಲಪ್ಪ, 2 ಕೆವಿಎಗೆ ಹಾಲಿನ ಮೆಷಿನ್ ಆಗಲೂ ಭಾರವೇ. ಮಾರಿದ್ದು ಸರಿ. ಅರ್ಧ ಬೆಲೆಗೆ ಮಾರಿದ್ದು ಮಾತ್ರ ನಿಮ್ಮ ತಪ್ಪು.

---

ಹುಳುಮನೆ, ಮೇಲೂರು ಕಡೆ

ಕೆಪಾಸಿಟರ್ ಬದಲಾಯಿಸಿದೆವು. ಈಗ ಓಡುವಾಗ 5.9, ಏಳುವಾಗ 29. ಟಕ್ ಅಂತ ಏಳುತ್ತದೆ. ಅದೇ ಬಾಡಿಗೆ ಸೆಟ್ ಮತ್ತೆ ತಂದು ಹಾಕಿದರೆ ಫ್ರಿಜ್ಜು, ಎಕ್ಸಾಸ್ಟು, ಲೈಟು ಇರುವಾಗಲೇ ಮೋಟರ್ ಎತ್ತಿತು. ಬಲ್ಬ್ ಒಂದು ಸಲ ಕಣ್ಣು ಹೊಡೆಯಿತು, ಅಷ್ಟೇ. ಶಾಮಿಯಾನದ ಹುಡುಗ, "ಏನಕ್ಕಾ, ನಿಮ್ಮನೇಲಿ ವಾರಕ್ಕೊಂದು ಮದುವೆನಾ" ಅಂತ ಕೇಳಿದ.

ಟ್ಯಾಂಕ್ ತುಂಬಿಸಿಟ್ಟು 2 ಕೆವಿಎಯಲ್ಲಿ ಮುಗಿಸೋಣ ಅಂತ ನನಗಿತ್ತು. ಅತ್ತೆ ಒಪ್ಪಲಿಲ್ಲ. ಹುಳು ಮುಗಿದ ಮೇಲೆ ತಟ್ಟೆ, ಸ್ಟ್ಯಾಂಡ್, ನೆಲ ತೊಳೆಯುವ ದಿನ ಸಾವಿರ ಲೀಟರ್ ಮಧ್ಯಾಹ್ನಕ್ಕೇ ಖಾಲಿ, ಅವತ್ತೇ ಕರೆಂಟ್ ಹೋದರೆ ಏನು ಮಾಡ್ತೀಯ ಅಂದರು. ಅದೂ ನಿಜ. 3.5 ಕೆವಿಎ ಪೆಟ್ರೋಲ್, ಸಿಂಗಲ್ ಫೇಸ್ ಅಂತ ತೀರ್ಮಾನ ಆಯಿತು. ಬೇರೆ ಅಂಗಡಿಯಲ್ಲಿ ಪ್ಲೇಟ್ ಮೇಲಿನ ರೇಟೆಡ್ ನಂಬರ್ ಓದಿಯೇ ಅಡ್ವಾನ್ಸ್ ಕೊಟ್ಟೆವು. ಚೇಂಜ್‌ಓವರ್ ನಾಳೆ ಹಾಕುತ್ತಾರೆ. ಜನರೇಟರ್ ಜಾಗ ದನದ ಕೊಟ್ಟಿಗೆಯ ಆಚೆ, ನುಗ್ಗೆ ಮರದ ಹತ್ತಿರ. ಮನೆಯಿಂದ ನಲವತ್ತು ಅಡಿ ಆಗುತ್ತದೆ, ಅದಕ್ಕೆ 4 ಎಂಎಂ ವೈರ್ ಹೇಳಿದ್ದಾರೆ.

ಮಾವನವರಿಗೆ ಬೋರ್ ವಿಷಯದಲ್ಲಿ ಇನ್ನೂ ಸ್ವಲ್ಪ ಬೇಜಾರಿದೆ. ಯಜಮಾನರು ಮಾತ್ರ ಹೊಸ ಪುಟ ತೆಗೆದು, "ಮೋಟರ್ ಓಡುವಾಗ ಮಿಕ್ಸಿ ಇಲ್ಲ, ಹೀಟರ್ ಇಲ್ಲ" ಅಂತ ದೊಡ್ಡದಾಗಿ ಬರೆದು ಸ್ವಿಚ್ ಬೋರ್ಡ್ ಪಕ್ಕ ಅಂಟಿಸಿದ್ದಾರೆ. ಮಗಳು ಅದರ ಕೆಳಗೆ ಪೆನ್ಸಿಲ್‌ನಲ್ಲಿ, "ಕೂಲರ್ ಜೊತೆ ಹೀಟರ್ ಕೂಡ ಇಲ್ಲ" ಅಂತ ಸೇರಿಸಿದ್ದಾಳೆ.